ಬೇವಿನ ಸೊಪ್ಪು, ದಿನಕ್ಕೊಂದು ಮಾತ್ರೆ

ಆಗದು ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ, ನನ್ನ ಅಪ್ಪನ ಅಣ್ಣ. ನಮ್ಮ ಮನೆಯ ವಿಷಯದಲ್ಲಿ ಅವರು ಈ ಮಾತನ್ನು ಎರಡು ಸಲ ಹೇಳಿದ್ದಾರೆ. ಮೊದಲನೆಯದು ನಾನು ರಾವಂದೂರಿನಲ್ಲಿ ಹೈಸ್ಕೂಲು ಮುಗಿಸಿ ಹುಣಸೂರಿನ ಕಾಲೇಜಿಗೆ ಸೇರುತ್ತೇನೆ ಎಂದಾಗ. "ನಮ್ಮಲ್ಲಿ ಗಂಡುಡುಗ್ರೇ ಡಿಗ್ರಿ ಮಾಡಿಲ್ಲ, ಇವಳು ಮಾಡ್ತಾಳಾ? ಆಗದ್ ಮಾತು ಬುಡು" ಎಂದರು. ನಾನು ಬಿ.ಎಸ್ಸಿ. ಮಾಡಿದೆ, ಬಿ.ಎಡ್. ಮಾಡಿದೆ, ಈಗ ಕೆ.ಆರ್. ನಗರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಹಗಲು ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ, ಸಂಜೆ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬೇರೆಯವರ ಬ್ಯಾರನ್ನಿನ ಮುಂದೆ ಕೂತು ಸೊಪ್ಪನ್ನು ಕೋಲಿಗೆ ಕಟ್ಟಿ ನನ್ನನ್ನು ಓದಿಸಿದವಳು. ಆ ಡಿಗ್ರಿಯಲ್ಲಿ ಅರ್ಧ ಅವಳದ್ದು.

ಎರಡನೆಯ ಸಲ ದೊಡ್ಡಪ್ಪ ಆ ಮಾತು ಹೇಳಿದ್ದು ಅವ್ವನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದಾಗ. "ಆ ಕಾಯ್ಲೆ ಬಂದೋರು ಎದ್ದು ಓಡಾಡಿದ್ದ ನಾನಂತೂ ಕಂಡಿಲ್ಲ. ಇವಳು ಇನ್ನು ಸ್ಕೂಲ್ ಒಲೆ ತಾವ ನಿಂತ್ಕಳೋದು ಆಗದ್ ಮಾತು ಕಣವ್ವ." ಈ ಸಲ ಅವರ ಕಣ್ಣಲ್ಲಿ ನೀರಿತ್ತು.

ಕೆಮ್ಮು ಶುರುವಾದದ್ದು ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ. ಬ್ಯಾರನ್ನುಗಳಿಗೆ ಬೆಂಕಿ ಬಿದ್ದ ಆ ತಿಂಗಳುಗಳಲ್ಲಿ ನಮ್ಮ ಕಡೆ ಯಾರು ಕೆಮ್ಮಿದರೂ ಯಾರೂ ತಿರುಗಿ ನೋಡುವುದಿಲ್ಲ. ಅವ್ವನಂತೂ ತಪ್ಪನ್ನು ಒಗ್ಗರಣೆಯ ಮೇಲೆ ಹೊರಿಸಿದ್ದಳು. ನೂರಾರು ಮಕ್ಕಳ ಸಾಂಬಾರಿಗೆ ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ಘಾಟು ಎದೆಗೆ ಹಿಡಿಯದೆ ಇರುತ್ತದೆಯೇ ಎಂಬುದು ಅವಳ ವಾದ. ಸಾಂಬಾರಿನ ಪಾತ್ರೆಯನ್ನು ಇಳಿಸಲಾರದೆ ಕುಸಿದು ಕೂತ ದಿನ ನಾನು ಬಲವಂತದಿಂದ ಮೈಸೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಸ್ಕ್ಯಾನ್ ಮಾಡಿದರು, ಎದೆಗೆ ಸೂಜಿ ಹಾಕಿ ಗಡ್ಡೆಯ ಚೂರು ತೆಗೆದರು, ಕಾಯಿಲೆಯ ಹೆಸರು ಹೇಳಿದರು.

ಊರಿನಲ್ಲಿ ಯಾರೂ ನಂಬಲಿಲ್ಲ. ಬೀಡಿ ಸೇದದವಳಿಗೆ ಶ್ವಾಸಕೋಶದ ಕ್ಯಾನ್ಸರ್ ಹೇಗೆ ಬರುತ್ತದೆ? "ರಿಪೋರ್ಟು ಅದ್ಲುಬದ್ಲು ಆಗ್ಯದೆ, ಇನ್ನೊಂದ್ ಕಿತ ಕೇಳು" ಎಂದರು ದೊಡ್ಡಮ್ಮ. ದೊಡ್ಡಪ್ಪನ ಹೆಂಡತಿಯಾದ ಅವರ ಮನೆ ನಮ್ಮ ಮನೆಗೆ ಗೋಡೆಗೆ ಗೋಡೆ. ನಿಜ ಹೇಳುತ್ತೇನೆ, ನಾನೂ ಹಾಗೇ ಅಂದುಕೊಂಡಿದ್ದೆ. ಹೋಗಿ ಕೇಳಿದೆ. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಒಂದು ದಿನವೂ ಸೇದದವರಿಗೆ, ಅದರಲ್ಲೂ ಹೆಂಗಸರಿಗೆ, ಬರುವ ಬಗೆಯೊಂದಿದೆ. ಹೊಗೆಯಿಂದಲೇ ಬಂತು ಎಂದೂ ಹೇಳಲಾರೆ, ಅಲ್ಲ ಎಂದೂ ಹೇಳಲಾರೆ ಎಂದರು. ಆಮೇಲೆ, ತೆಗೆದ ಚೂರನ್ನು ಜೀನ್ ಪರೀಕ್ಷೆಗೆ ಕಳಿಸಬೇಕು, ಫಲಿತಾಂಶ ಬರುವವರೆಗೆ ಕಾಯಿರಿ ಎಂದರು.

ಜೀನ್ ಎಂದರೆ ನಾನು ಓದಿದ್ದು ಬಟಾಣಿ ಗಿಡದ್ದು. ಎತ್ತರದ ಗಿಡ, ಗಿಡ್ಡ ಗಿಡ, ಹಳದಿ ಕಾಳು, ಹಸಿರು ಕಾಳು. ಅದನ್ನೇ ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದು ಕಲಿಸುವವಳು ನಾನು. ಅವ್ವನ ಎದೆಯಿಂದ ತೆಗೆದ ಚೂರಿಗೂ ಅದಕ್ಕೂ ಏನು ಸಂಬಂಧ ಎಂದು ಆ ಕ್ಷಣ ಹೊಳೆಯಲಿಲ್ಲ. ದೊಡ್ಡಮ್ಮನಿಗೆ ಮಾತ್ರ ಕೂಡಲೇ ಹೊಳೆದದ್ದು ಬೇರೆ.

"ಜೀನು ಅಂದ್ರೆ ವಂಸದಿಂದ ಬರೋದಲ್ವಾ? ಟೀವಿಲಿ ಯೋಳ್ತಾರಲ್ಲ. ಊರಲ್ಲಿ ಇದ್ನ ಬಾಯ್ ಬುಡಬ್ಯಾಡ ಕಣಮ್ಮಿ. ನಾಳೆ ನಿನ್ನ ನೋಡಾಕೆ ಯಾರಾದ್ರೂ ಬರ್ತಾರಾ?"

ಮುಂದಿನ ಸಲ ನಾನು ಅದನ್ನೂ ಕೇಳಿದೆ. ಈ ಬದಲಾವಣೆ ಆಗಿರುವುದು ಗಡ್ಡೆಯೊಳಗೆ ಮಾತ್ರ, ನಿಮ್ಮ ತಾಯಿ ಹುಟ್ಟುವಾಗ ಇದ್ದದ್ದಲ್ಲ, ನಿಮಗೆ ಕೊಟ್ಟದ್ದೂ ಅಲ್ಲ ಎಂದರು ಡಾಕ್ಟರು. ದೊಡ್ಡಮ್ಮನಿಗೆ ತಿಳಿಸಿದೆ. "ಅವ್ರು ಅಂಗೇ ಯೋಳ್ತಾರೆ ಬುಡು" ಎಂದು ಮೊರದಲ್ಲಿದ್ದ ರಾಗಿ ಕೇರುವುದಕ್ಕೆ ತಿರುಗಿದರು.

ಫಲಿತಾಂಶ ಬಂದ ದಿನ ದೊಡ್ಡಪ್ಪನೂ ನಮ್ಮ ಜೊತೆ ಮೈಸೂರಿಗೆ ಬಂದರು. ಓದಿದವಳು ಒಬ್ಬಳೇ ಹೋದರೆ ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಹೇಳಿ ಸಹಿ ಹಾಕಿಸಿಕೊಳ್ಳುತ್ತಾರೆ, ಓದದವನೊಬ್ಬ ಕಣ್ಣಿಟ್ಟು ಕೂತಿರಬೇಕು ಎಂಬುದು ಅವರ ಲೆಕ್ಕಾಚಾರ. ಡಾಕ್ಟರು ಅಚ್ಚ ಕನ್ನಡದಲ್ಲೇ ಹೇಳಿದರು. ಜೀವಕೋಶಕ್ಕೆ ಬೆಳೆ ಎಂದು ಹೇಳುವ ಸ್ವಿಚ್ಚೊಂದಿದೆ, ಇವರ ಗಡ್ಡೆಯಲ್ಲಿ ಅದು ಆಫ್ ಆಗದೆ ನಿಂತುಬಿಟ್ಟಿದೆ, ಆ ಸ್ವಿಚ್ಚನ್ನೇ ಹುಡುಕಿಕೊಂಡು ಹೋಗಿ ಅದುಮಿ ಹಿಡಿಯುವ ಮಾತ್ರೆ ಇದೆ, ದಿನಕ್ಕೊಂದು, ಮನೆಯಲ್ಲೇ.

"ನಮ್ ಬೋರ್‌ವೆಲ್ ಸ್ಟಾರ್ಟರ್ ಕಚ್ಕಂಡಂಗೆ ಅನ್ನಿ" ಎಂದರು ದೊಡ್ಡಪ್ಪ.

"ಸರಿಯಾಗಿ ಹೇಳಿದ್ರಿ."

"ಅದು ಕಚ್ಕಂಡ್ರೆ ನಾವು ಫ್ಯೂಸ್ ಕಿತ್ತಾಕ್ತೀವಿ ಸಾ. ಮಾತ್ರೆ ಕೊಡಕ್ಕಿಲ್ಲ."

ಡಾಕ್ಟರು ನಕ್ಕರು, ದೊಡ್ಡಪ್ಪ ನಗಲಿಲ್ಲ. ಹೊರಗೆ ಬೆಂಚಿನಲ್ಲಿ ಕಾಯುವಾಗ ಅವರು ಒಬ್ಬ ರೋಗಿಯನ್ನು ಮಾತಾಡಿಸಿಕೊಂಡು ಬಂದಿದ್ದರು. ಆತನಿಗೂ ಇದೇ ಕಾಯಿಲೆ, ಆದರೆ ಆತನಿಗೆ ಮೈಯ ಕಾವಲು ಶಕ್ತಿಯನ್ನೇ ಎಬ್ಬಿಸುವ ಹೊಸ ಔಷಧಿಯನ್ನು ಡ್ರಿಪ್ಪಿನಲ್ಲಿ ಹಾಕುತ್ತಿದ್ದರಂತೆ. "ಆ ಮನ್ಸ ಕಾರಲ್ಲಿ ಬಂದವ್ನೆ. ಅವ್ನಿಗೆ ಡ್ರಿಪ್ಪು, ಬಸ್ಸಲ್ಲಿ ಬಂದೋರ್ಗೆ ಮಾತ್ರೆ. ಅದೂ ಸರ್ಕಾರದ ಕಾರ್ಡ್ ಮೇಲೆ ಬಿಟ್ಟಿ. ಯಾಕ್ ಸಾ ಅಂಗೆ?" ಎಂದು ಮುಖಕ್ಕೇ ಕೇಳಿದರು.

ಬಾಯಲ್ಲಿ ಕೇಳಿದವರು ದೊಡ್ಡಪ್ಪ, ಮನಸ್ಸಿನಲ್ಲಿ ಕೇಳಿಕೊಂಡವಳು ನಾನು. ಬಿಟ್ಟಿ ಸಿಗುವುದರ ಹಿಂದೆ ಏನೋ ಇರುತ್ತದೆ ಎಂಬುದು ನಮ್ಮಂಥವರಿಗೆ ಹಾಲು ಕುಡಿಯುವಾಗಲೇ ಗೊತ್ತಾಗಿರುತ್ತದೆ. ಹೊಸ ಔಷಧಿಯನ್ನು ನಮ್ಮ ಮೇಲೆ ಹಾಕಿ ನೋಡುತ್ತಿದ್ದಾರೆಯೇ? ಡಾಕ್ಟರು ನಿಧಾನವಾಗಿಯೇ ಉತ್ತರಿಸಿದರು. ಆ ಡ್ರಿಪ್ಪು ಎಲ್ಲರಿಗೂ ಹೊಂದುವುದಿಲ್ಲ, ಈ ಜೀನ್ ಕೆಟ್ಟವರಲ್ಲಿ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆತನ ಗಡ್ಡೆಯಲ್ಲಿ ಈ ಬದಲಾವಣೆ ಇದ್ದಿದ್ದರೆ ಆತನಿಗೂ ಮಾತ್ರೆಯನ್ನೇ ಕೊಡುತ್ತಿದ್ದೆ ಎಂದರು. ಕೊನೆಯಲ್ಲಿ, ಭೇದಿ ಆಗಬಹುದು, ಮುಖ ಎದೆಯ ಮೇಲೆ ಮೊಡವೆಯಂಥ ಗುಳ್ಳೆ ಏಳಬಹುದು, ಎದ್ದರೆ ನನಗೆ ಫೋನ್ ಮಾಡಿ, ನೀವೇ ಮಾತ್ರೆ ನಿಲ್ಲಿಸಬೇಡಿ ಎಂದರು. ಈ ಮಾತನ್ನು ನಾವು ಮೂವರೂ ಕೇಳಿಸಿಕೊಂಡೆವು. ಅವ್ವ ತಲೆಯನ್ನೂ ಆಡಿಸಿದಳು.

ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ. "ಕೂದ್ಲು ಉದ್ರಕ್ಕಿಲ್ವಂತೆ. ಕ್ಯಾನ್ಸರ್ ಮದ್ದು ಅಂದ್ಮೇಲೆ ಕೂದ್ಲು ಉದುರ್‌ಬೇಕಲ್ವಾ? ಇದು ನಿಜವಾದ ಮದ್ದೇನಾ?"

ಮಾತ್ರೆ ಶುರುವಾಗಿ ಒಂದು ವಾರ ಕಳೆಯುವುದರೊಳಗೆ ಕೆಮ್ಮು ತಗ್ಗಿತು. ನಾನು ಹಿಗ್ಗಿದೆ. ಅವ್ವ ಹಿಗ್ಗಲಿಲ್ಲ. "ಮಾತ್ರೆಯಿಂದಲ್ಲ ಕಣೆ. ಸ್ಕೂಲ್ಗೆ ಓಗ್ತಿಲ್ವಲ್ಲ, ಒಗ್ಗರಣೆ ಘಾಟಿಲ್ಲ, ಅದ್ಕೇ" ಎಂದಳು. ವಾದ ಮಾಡುವುದು ಯಾಕೆಂದು ನಾನು ಕೆ.ಆರ್. ನಗರಕ್ಕೆ ಮರಳಿದೆ. ಹತ್ತನೇ ತರಗತಿಗೆ ವಿಶೇಷ ಪಾಠಗಳು ಶುರುವಾಗಿದ್ದವು, ಭಾನುವಾರವೂ ಬಿಡುವಿರಲಿಲ್ಲ. ದಿನಾ ಫೋನ್ ಮಾಡಿ, "ಮಾತ್ರೆ ತಗಂಡ್ಯಾ?" ಎಂದು ಕೇಳುತ್ತಿದ್ದೆ. "ಊಂ" ಎನ್ನುತ್ತಿದ್ದಳು.

ಆ "ಊಂ" ಬರುಬರುತ್ತಾ ನನಗೆ ಹಿಡಿಸದಾಯಿತು. ಮೊದಲು ಮಾತ್ರೆಯ ಬಗ್ಗೆ ಒಂದಲ್ಲ ಒಂದು ತಕರಾರು ಹೇಳುತ್ತಿದ್ದವಳು ಈಗ ತಕರಾರೇ ಹೇಳುತ್ತಿರಲಿಲ್ಲ. ವಿಡಿಯೊ ಕಾಲ್ ಮಾಡಿದರೆ ಎತ್ತುತ್ತಿರಲಿಲ್ಲ. ಬರುವ ಶನಿವಾರ ಬರುತ್ತೇನೆ ಎಂದರೆ, "ಈಗ್ಲೇ ಬರಬ್ಯಾಡ, ಮಕ್ಕಳ ಪಾಟ ನೋಡ್ಕೊ" ಎಂದಳು. ನನ್ನ ಅವ್ವ ನನಗೆ ಬರಬೇಡ ಎಂದದ್ದು ಅದೇ ಮೊದಲು. ಅದರ ಮೇಲೆ ಫೋನಿನಲ್ಲಿ ಮತ್ತೆ ಕೆಮ್ಮು ಕೇಳಿಸಿತು.

ನನ್ನ ಅನುಮಾನ ನೇರವಾಗಿ ದೊಡ್ಡಪ್ಪನ ಮೇಲೆ ಹೋಯಿತು. ಹೆಗ್ಗಡದೇವನಕೋಟೆ ಕಡೆ ಯಾರೋ ನಾರುಬೇರಿನ ಪುಡಿ ಕೊಡುತ್ತಾರಂತೆ, ಎಂಥ ಗಡ್ಡೆಯನ್ನೂ ಕರಗಿಸುತ್ತದಂತೆ ಎಂದು ಅವರು ಹಿಂದೆ ಒಮ್ಮೆ ಹೇಳಿದ್ದರು. ಮಾತ್ರೆ ಬಿಡಿಸಿ ಪುಡಿ ಕುಡಿಸುತ್ತಿದ್ದಾರೆ ಎಂದು ತೀರ್ಮಾನಿಸಿಕೊಂಡು, ಹೆಡ್‌ಮಾಸ್ಟರಿಗೆ ಹೇಳಿ, ಶನಿವಾರದ ಬಸ್ ಹತ್ತಿದೆ. ಹುಣಸೂರಿನಲ್ಲಿ ಬಸ್ ಬದಲಿಸುವ ಹೊತ್ತಿಗೆ ಅವರಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡಿದ್ದೆ.

ಮನೆಯ ಮುಂದೆ ಬಂದು ನಿಂತೆ. ಬಾಗಿಲ ಮೇಲೆ ಬೇವಿನ ಸೊಪ್ಪು ಸಿಕ್ಕಿಸಿತ್ತು.

ನಮ್ಮ ಕಡೆ ಆ ಸೊಪ್ಪು ಕಂಡರೆ ಯಾರೂ ಒಳಗೆ ಕಾಲಿಡುವುದಿಲ್ಲ. ಮೈಮೇಲೆ ಗುಳ್ಳೆ ಎದ್ದವರ ಮನೆಗೆ ಅಮ್ಮ ಬಂದಿದ್ದಾಳೆ ಎಂದರ್ಥ. ದೇವಿ ಮನೆಯಲ್ಲಿರುವಷ್ಟು ದಿನ ಒಗ್ಗರಣೆ ಹಾಕುವುದಿಲ್ಲ, ಮಾಂಸ ಮಾಡುವುದಿಲ್ಲ, ದೂರದಿಂದ ಬಂದವರನ್ನು ಸೇರಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮದ್ದು ಕೊಡುವುದಿಲ್ಲ. ಕೊಟ್ಟರೆ ಅವಳನ್ನು ಹೊಡೆದೋಡಿಸಿದ ಹಾಗೆ.

"ಅಲ್ಲೇ ನಿಂತ್ಕೊ! ಬಸ್ಸಲ್ಲಿ ಬಂದವ್ಳು ಒಳೀಕ್ ಬರಬ್ಯಾಡ" ಎಂದು ಒಳಗಿನಿಂದ ದೊಡ್ಡಮ್ಮ ಕೂಗಿದರು.

ನಾನು ಜಗುಲಿಯ ಮೇಲೆ ಬ್ಯಾಗಿಟ್ಟು ಕೂತೆ. ಬಾಗಿಲಿನಿಂದ ನೋಡಿದರೆ ನಡುಮನೆಯಲ್ಲಿ ಚಾಪೆಯ ಮೇಲೆ ಅವ್ವ, ತಲೆಯ ಹತ್ತಿರ ಬೇವಿನ ಎಲೆ, ಪಕ್ಕದಲ್ಲಿ ಎಳನೀರು. ಮೂಗಿನ ಸುತ್ತ, ಕೆನ್ನೆ, ಎದೆಯ ಮೇಲೆ ಗುಳ್ಳೆಗಳು ಆರಿ ಕಪ್ಪಾಗಿದ್ದವು.

"ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತವ್ವ?"

ಅವ್ವ ಮುಖ ತಿರುಗಿಸಿದಳು. ಉತ್ತರ ಕೊಟ್ಟವರು ದೊಡ್ಡಮ್ಮ. "ತಾಯಿ ಬಂದ್ ದಿನ್ದಿಂದ ಕೊಟ್ಟಿಲ್ಲ. ಎಲ್ಡು ಬೇವಿನ್ ನೀರು ಹಾಕಿವ್ನಿ, ಮಂಗ್ಳಾರ ಮೂರ್ನೇ ನೀರು ಹಾಕಿ ಮೊಸರನ್ನದ ತಂಪು ಇಕ್ಕಿ ಕಳಿಸ್ಕೊಡ್ತೀನಿ. ಅಲ್ಲೀಗಂಟ ಸುಮ್ಕಿರು."

"ದೊಡ್ಡಮ್ಮ, ಡಾಕ್ಟ್ರು ಮೊದಲೇ ಹೇಳಿದ್ರಲ್ಲ, ಗುಳ್ಳೆ ಬರ್ತವೆ ಅಂತ?"

"ಅವ್ರು ಯೋಳಿದ್ದು ಮೊಡವೆ. ಇದು ಅಮ್ಮ. ನಿಂಗೆ ಯೋಳಿದ್ರೆ ಸೂಜಿ ಅಂತ ಓಡ್ ಬತ್ತಿದ್ದೆ, ಅದ್ಕೇ ಯೋಳಿಲ್ಲ."

"ಜ್ವರ ಇತ್ತಾ?"

"ಇಲ್ಲ."

"ಗುಳ್ಳೇಲಿ ನೀರಿತ್ತಾ?"

"ಇಲ್ಲ, ಕೀವಿತ್ತು."

"ಮತ್ತೆ ಅವ್ವಂಗೆ ಚಿಕ್ಕವಳಾಗಿದ್ದಾಗಲೇ ಅಮ್ಮ ಆಗಿತ್ತಲ್ವಾ? ಬೆನ್ನಲ್ಲಿ ಕಲೆ ಅದೆ. ಒಂದ್ ಸಲ ಆದೋರ್ಗೆ ಮತ್ತೆ ಬರಲ್ಲ."

"ನೋಡಮ್ಮಿ, ಬರೋ ಮುಂಚೆ ತಾಯಿ ನಿನ್ ತಾವ ಪರ್ಮಿಷನ್ ಕೇಳ್ಬೇಕಿತ್ತಾ? ಡಿಗ್ರಿ ಮಾಡಿದ್ದೀಯ ಅಂತ?"

ಒಳಗಿನಿಂದ ಅವ್ವ ಸಣ್ಣಗೆ ನಕ್ಕಳು, ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ದೊಡ್ಡಮ್ಮ ಬೆನ್ನು ನೀವಿದರು. ಎದ್ದು ಒಳಗೆ ನುಗ್ಗಬೇಕೆನಿಸಿತು. ನುಗ್ಗಿದ್ದರೆ ನಾನು ಗೆದ್ದ ಹಾಗೂ ಅಲ್ಲ, ಅವ್ವ ಮಾತ್ರೆ ನುಂಗುವವಳೂ ಅಲ್ಲ. ದೇವಿಯ ಮೇಲೆ ವಾದ ಹೂಡಿ ನಾನು ಗೆಲ್ಲಲಾರೆ ಎಂದು ಗೊತ್ತಿತ್ತು. ಗೊತ್ತಿದ್ದ ವಿದ್ಯೆ ಒಂದೇ, ಪ್ರಯೋಗಾಲಯದ್ದು. ಒಂದನ್ನು ತೆಗೆದು ನೋಡು, ಇನ್ನೊಂದನ್ನು ಹಾಗೇ ಇಟ್ಟು ನೋಡು.

"ದೊಡ್ಡಮ್ಮ, ಇವತ್ತು ಒಗ್ಗರಣೆ ಹಾಕಿದ್ಯಾ?" ಎಂದೆ.

"ಅಯ್ಯೋ ಬುಡ್ತು ಅನ್ನು! ತಾಯಿ ಇರೋ ಮನೇಲಿ ಯಾರಾದ್ರೂ ಒಗ್ಗರಣೆ ಹಾಕ್ತಾರಾ?"

"ನಿಮ್ಮನೇಲಿ?"

"ಗೋಡೆ ಒಂದೇ ಅಲ್ವಾ. ನಾನೂ ಹಾಕಿಲ್ಲ. ನಿಮ್ ದೊಡ್ಡಪ್ಪ ಸಪ್ಪೆ ಉಂಡು ಉಂಡು ಸಿಡಿಮಿಡಿ ಅಂತ ಅವ್ರೆ."

"ಅವ್ವ, ನೀನೇ ಹೇಳು. ಒಗ್ಗರಣೆ ಇಲ್ಲ, ಸ್ಕೂಲಿಲ್ಲ, ಬ್ಯಾರನ್ ಇಲ್ಲ. ಮಾತ್ರೆ ತಗತಿದ್ದಾಗ ಕೆಮ್ಮು ನಿಂತಿತ್ತು. ಈಗ ಇಲ್ದೆ ಇರೋದು ಮಾತ್ರೆ ಒಂದೇ. ಕೆಮ್ಮು ಯಾಕ್ ಬಂತು?"

ದೊಡ್ಡಮ್ಮ ಅವ್ವನ ಮುಖ ನೋಡಿದರು, ಅವ್ವ ಸೂರು ನೋಡಿದಳು. ನಾನು ಅಲ್ಲೇ ಕೂತು ಡಾಕ್ಟರಿಗೆ ಫೋನ್ ಮಾಡಿದೆ. ಬೈದರು, ಗುಳ್ಳೆಗೆ ಔಷಧಿಯಿದೆ, ಇವತ್ತೇ ಮಾತ್ರೆ ಶುರು ಮಾಡಿ, ಸೋಮವಾರ ಕರೆತನ್ನಿ ಎಂದರು. ದೊಡ್ಡಮ್ಮ ಮಂಗಳವಾರಕ್ಕೆ ಮುಂಚೆ ಸಾಧ್ಯವೇ ಇಲ್ಲ ಎಂದರು. ಹೀಗೆ ಇಬ್ಬರ ನಡುವೆ ನಾನು ಜಗುಲಿಯ ಮೇಲೆ ಕೂತಿರುವಾಗ ಅವ್ವ ಚಾಪೆಯಿಂದ ಎದ್ದು ಗೋಡೆಗೊರಗಿದಳು.

"ನಾಳೆ ಬೆಳಿಗ್ಗೆ ನೀರು ಹಾಕ್ಬುಡಕ್ಕ. ತಂಪು ಇಕ್ಕಿ ಕಳಿಸ್ಕೊಡವ. ತಾಯಿ ಬೇಜಾರ್ ಮಾಡ್ಕಂಡ್ರೆ ನನ್ ಮ್ಯಾಲೆ ಮಾಡ್ಕಳ್ಳಿ. ಆಮ್ಯಾಕೆ ಮಾತ್ರೆ ತಗತೀನಿ" ಎಂದಳು.

ಭಾನುವಾರ ಬೇವಿನ ನೀರು ಹುಯ್ದು, ಊರಾಚೆಯ ಗುಡಿಗೆ ಮೊಸರನ್ನ ಒಯ್ದು ಇಟ್ಟು, ದೊಡ್ಡಮ್ಮ ಬಾಗಿಲಿನ ಸೊಪ್ಪು ತೆಗೆದರು. ನಾನು ಒಳಗೆ ಹೋಗಿ ಲೋಟದಲ್ಲಿ ನೀರು ಕೊಟ್ಟೆ. ಅವ್ವ ಮಾತ್ರೆ ನುಂಗಿ ಬಾಯಿ ತೆಗೆದು ತೋರಿಸಿದಳು. ನಾನು ನಾಲಿಗೆ ಎತ್ತು ಎಂದೆ. "ಅವ್ವನ್ನೇ ನಂಬಕ್ಕಿಲ್ವೇನೇ?" ಎಂದಳು. ಇಲ್ಲ ಎಂದೆ.

ಸೋಮವಾರ ಮೈಸೂರಿಗೆ ಹೋಗಿ ತೋರಿಸಿ, ಗುಳ್ಳೆಗೆ ಹಚ್ಚುವ ಮುಲಾಮು, ನುಂಗುವ ಇನ್ನೊಂದು ಔಷಧಿ ತಂದೆವು. ಕೆಲವು ದಿನಗಳಲ್ಲಿ ಗುಳ್ಳೆ ಮತ್ತೆ ಎದ್ದವು. ಈ ಸಲ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ದೊಡ್ಡಮ್ಮ ಅವ್ವನನ್ನು ಬೆಳಕಿಗೆ ಕೂರಿಸಿ ಕೆನ್ನೆ, ಕತ್ತು, ಎದೆ ಎಲ್ಲವನ್ನೂ ಬಹಳ ಹೊತ್ತು ನೋಡಿದರು. ಬೇವಿನ ಸೊಪ್ಪು ಬೇಕೋ ಎಂದು ನಾನು ಕೇಳಲಿಲ್ಲ, ಮುಲಾಮು ಹಿಡಿದು ನಿಂತಿದ್ದೆ.

"ಇದು ಅವ್ಳಲ್ಲ" ಎಂದರು ಕೊನೆಗೆ. "ತಂಪು ಉಂಡು ಹೋದೋಳು ಇಂಗೆ ಬೆನ್ನಿಗೇ ತಿರುಗಿ ಬರಕ್ಕಿಲ್ಲ. ಇದು ಆ ಮಾತ್ರೆದೇ ಕಿತಾಪತಿ."

ಹಾಗೆ ದೇವಿಯ ಮೇಲಿದ್ದ ಭಾರ ಪೂರ್ತಿ ಮಾತ್ರೆಯ ಮೇಲೆ ಬಿತ್ತು. ಇಷ್ಟು ಕೀವು ಬರಿಸುವುದು ಮದ್ದೋ ವಿಷವೋ ಎಂದು ದೊಡ್ಡಪ್ಪ ಮುಂದಿನ ಸಲ ಡಾಕ್ಟರನ್ನೇ ಕೇಳಿದರು. ಆ ಸ್ವಿಚ್ಚು ಚರ್ಮದ ಜೀವಕೋಶಗಳಲ್ಲೂ ಇರುವುದರಿಂದ ಅಲ್ಲಿಯೂ ಮಾತ್ರೆಯ ಏಟು ಬೀಳುತ್ತದೆ. ಗುಳ್ಳೆ ಎದ್ದರೆ ಎಷ್ಟೋ ಜನರಲ್ಲಿ ಅದು ಮಾತ್ರೆ ಕೆಲಸ ಮಾಡುತ್ತಿರುವ ಗುರುತು ಎಂದರು ಡಾಕ್ಟರು. ಹೊರಗೆ ಬಂದ ಮೇಲೆ ದೊಡ್ಡಪ್ಪ ನನ್ನ ಕಿವಿಯ ಹತ್ತಿರ, "ಗುಣ ಆದ್ರೂ ಮಾತ್ರೆ ಒಳ್ಳೇದು, ಕೀವಾದ್ರೂ ಮಾತ್ರೆ ಒಳ್ಳೇದು. ಇವ್ರಿಗೆ ಸೋಲೇ ಇಲ್ಲ ನೋಡವ್ವ" ಎಂದರು. ನನಗೆ ನಗು ಬಂತು. ಆದರೆ ಅವರ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಮೂರು ತಿಂಗಳ ಸ್ಕ್ಯಾನ್ ಬರುವವರೆಗೆ ನಾನೂ ದಿನಾ ಅದನ್ನೇ ಅಂದುಕೊಂಡೆ.

ಸ್ಕ್ಯಾನ್ ಬಂತು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು ಡಾಕ್ಟರು ತೋರಿಸಿದರು. ಮೊದಲಿನದರಲ್ಲಿ ನಿಂಬೆಹಣ್ಣಿನಷ್ಟು ಬಿಳಿ ಕಲೆ, ಈಗಿನದರಲ್ಲಿ ಕಡಲೆಕಾಳಿನಷ್ಟು. ದೊಡ್ಡಪ್ಪ ಎರಡೂ ಫಿಲ್ಮಿನ ಮೂಲೆಯಲ್ಲಿದ್ದ ಹೆಸರನ್ನು ನನ್ನಿಂದ ಓದಿಸಿದರು, ಬೇರೆಯವರದ್ದಲ್ಲ ಎಂದು ಖಾತ್ರಿ ಮಾಡಿಕೊಳ್ಳಲು.

"ಹೋಯ್ತಾ ಹಂಗಾದ್ರೆ?" ಎಂದಳು ಅವ್ವ.

"ಹೋಗಿಲ್ಲಮ್ಮ. ಅದುಮಿ ಹಿಡಿದಿದ್ದೀವಿ."

"ಎಷ್ಟ್ ದಿನ ಇಡಿಯಕ್ಕಾಯ್ತದೆ?"

"ಅದು ನನಗೂ ಗೊತ್ತಿಲ್ಲ. ಕೆಲವರಿಗೆ ತುಂಬಾ ಕಾಲ, ಕೆಲವರಿಗೆ ಕಡಿಮೆ. ಗಡ್ಡೆ ಒಂದು ದಿನ ಬೇರೆ ದಾರಿ ಕಂಡುಕೊಳ್ಳಬಹುದು. ಆಗ ಮತ್ತೆ ಪರೀಕ್ಷೆ ಮಾಡಿ ಬೇರೆ ಔಷಧಿ ನೋಡಬೇಕು."

ಇಷ್ಟು ದಿನದಲ್ಲಿ ನಾನು ಆ ಡಾಕ್ಟರನ್ನು ನಂಬಿದ್ದು ಆಗಲೇ. ಗುಣ ಮಾಡಿಯೇ ತೀರುತ್ತೇನೆ ಎನ್ನುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ.

ಅವ್ವ ಮಾತ್ರ ಅದನ್ನು ಅಲ್ಲಿಗೇ ಬಿಟ್ಟು ಸೆರಗು ಸರಿಮಾಡಿಕೊಂಡು ಬೇರೆ ವಿಷಯಕ್ಕೆ ಹೋದಳು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವುದರಲ್ಲಿತ್ತು. ಕ್ಯಾನ್ಸರ್ ಬಂದವಳ ಕೈಯಡುಗೆ ಉಂಡರೆ ಮಕ್ಕಳಿಗೆ ಅಂಟುತ್ತದೆ ಎಂದು ಊರಿನಲ್ಲಿ ಒಬ್ಬಿಬ್ಬರು ಆಗಲೇ ಮಾತು ತೆಗೆದಿದ್ದರು. ಡಾಕ್ಟರ ಸರ್ಟಿಫಿಕೇಟ್ ತಂದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿ ಕಳಿಸಿದ್ದರು. "ನಾನು ಒಲೆ ತಾವ ನಿಂತ್ಕಬೋದಾ ಸಾ?" ಎಂದಳು. ಅವಳ ದನಿ ನಡುಗಿದ್ದು, ಇಷ್ಟೆಲ್ಲ ಆದದ್ದರಲ್ಲಿ, ಅಲ್ಲೊಂದೇ ಕಡೆ.

ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ವರಾಂಡದಲ್ಲಿ ಅತ್ತಿಂದಿತ್ತ ನಡೆಸಿದರು, ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದರು. ಭಾರದ ಪಾತ್ರೆ ಎತ್ತಬಾರದು, ಇಳಿಸಲು ಇನ್ನೊಬ್ಬರಿರಬೇಕು ಎಂದರು. ಆಮೇಲೆ ಪ್ಯಾಡ್ ಎಳೆದುಕೊಂಡು, ಇದು ಅಂಟುವ ಕಾಯಿಲೆಯಲ್ಲ, ಇವರು ಅಡುಗೆ ಕೆಲಸಕ್ಕೆ ಅರ್ಹರು ಎಂದು ಬರೆದು, ಸಹಿ ಮಾಡಿ, ಸೀಲು ಒತ್ತಿ, ಅದನ್ನು ನನ್ನ ಕೈಗಲ್ಲ, ಅವ್ವನ ಕೈಗೇ ಕೊಟ್ಟರು. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು.

ದೊಡ್ಡಪ್ಪ ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ಚಾಚಿದರು.

"ಸೀಲು ಮಸುಕಾಗ್ಯದೆ ಕಣವ್ವ. ಓಗಿ ಇನ್ನೊಂದ್ ಕಿತ ಒತ್ತಿಸ್ಕಬಾ. ನಾಳೆ ಸ್ಕೂಲ್ನೋರು ಇದು ಸರಿ ಇಲ್ಲ ಅಂತ ಇವಳನ್ನ ಒಲೆ ತಾವ ಬುಡದೆ ಹೋದ್ರೆ ಏನ್ ಮಾಡೀಯೆ?"